ಟಾಪ್ ಶೇ 2 ಪಟ್ಟಿಯ ಫ್ಲೆಕ್ಸ್ ಸರಿ, ಸ್ಕ್ಯಾನ್ ರಿಪೋರ್ಟಿನ ‘ಎಚ್‌ಯು’ ಯಾರದ್ದು? ರೇಡಿಯಾಲಜಿ ಸಂಶೋಧಕರ ಅಂಕಗಳ ಅಸಲಿ ಲೆಕ್ಕ

ಪ್ರತಿ ವರ್ಷ ಸೆಪ್ಟೆಂಬರ್ ಸುಮಾರಿಗೆ ಒಂದು ಸುದ್ದಿ ತಪ್ಪದೆ ಬರುತ್ತೆ. ‘ನಮ್ಮ ಕಾಲೇಜಿನ ಪ್ರಾಧ್ಯಾಪಕರು ವಿಶ್ವದ ಟಾಪ್ ಶೇ 2 ವಿಜ್ಞಾನಿಗಳ ಪಟ್ಟಿಯಲ್ಲಿ’ ಅಂತ. ಮೊದಲು ವಾಟ್ಸ್‌ಆ್ಯಪ್ ಸ್ಟೇಟಸ್, ಆಮೇಲೆ ಪತ್ರಿಕಾ ಪ್ರಕಟಣೆ, ಮೂರನೇ ದಿನಕ್ಕೆ ಸರ್ಕಲ್‌ನಲ್ಲಿ ಫ್ಲೆಕ್ಸ್. ಹೆಸರು ಬಂದವರು ವೈದ್ಯಕೀಯ ಕಾಲೇಜಿನವರಾದರೆ, ಅದರಲ್ಲೂ ಸ್ಕ್ಯಾನಿಂಗ್ ವಿಭಾಗದವರಾದರೆ, ಟೀ ಅಂಗಡಿಯಲ್ಲಿ ಮಾತು ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತೆ. ಸ್ಕ್ಯಾನ್ ಮಾಡಿಸೋದಿದ್ದರೆ ಅಲ್ಲೇ ಮಾಡಿಸಿ, ವರ್ಲ್ಡ್ ಲೆವೆಲ್ ಡಾಕ್ಟ್ರು ಅಂತ.

ಹೆಸರು ಬಂದವರಿಗೆ ಅಭಿನಂದನೆ ಹೇಳೋದ್ರಲ್ಲಿ ತಪ್ಪೇನಿಲ್ಲ. ಆದರೆ ಆ ಪಟ್ಟಿ ಏನನ್ನ ಅಳೆಯುತ್ತೆ, ಏನನ್ನ ಅಳೆಯೋದಿಲ್ಲ ಅನ್ನೋದು ಫ್ಲೆಕ್ಸ್‌ನಲ್ಲಿ ಇರೋದಿಲ್ಲ. ಸ್ಕ್ಯಾನ್‌ಗೆ ಸಾವಿರಗಟ್ಟಲೆ ಕೊಡುವವರು ಅದನ್ನ ತಿಳಿದಿರೋದು ಒಳ್ಳೇದು.

ಪಟ್ಟಿ ಯಾರದ್ದು?

‘ಸ್ಟ್ಯಾನ್‌ಫರ್ಡ್ ಪಟ್ಟಿ’ ಅಂತ ಕರೆಯುವ ಇದು ಪ್ರಶಸ್ತಿ ಅಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜಾನ್ ಅಯೊನಿಡಿಸ್ ಮತ್ತು ಜೊತೆಗಾರರು 2019ರಲ್ಲಿ ಮೊದಲು ಪ್ರಕಟಿಸಿದ ಒಂದು ದತ್ತಾಂಶ ಕೋಷ್ಟಕ. ಆಮೇಲೆ ಅದು ಮತ್ತೆ ಮತ್ತೆ ಪರಿಷ್ಕರಣೆ ಆಗ್ತಾ ಬಂದಿದೆ. ಎಲ್ಸೆವಿಯರ್ ಕಂಪನಿಯ ಸ್ಕೋಪಸ್ ಅನ್ನೋ ದಾಖಲೆ ಕಣಜದಿಂದ ಕಂಪ್ಯೂಟರೇ ಅಂಕ ತೆಗೆಯುತ್ತೆ. ಯಾರೂ ಅರ್ಜಿ ಹಾಕೋದಿಲ್ಲ, ಯಾವ ಸಮಿತಿಯೂ ಕೂತು ಆಯ್ಕೆ ಮಾಡೋದಿಲ್ಲ. ವಿಜ್ಞಾನವನ್ನ 22 ವಿಭಾಗ, 174 ಉಪವಿಭಾಗ ಅಂತ ಹಂಚಿದ್ದಾರೆ. ಒಟ್ಟಾರೆ ಮೊದಲ 1 ಲಕ್ಷದೊಳಗೆ ಬಂದವರು, ಇಲ್ಲವೇ ತಮ್ಮ ಉಪವಿಭಾಗದಲ್ಲಿ ಮೇಲಿನ ಶೇ 2ರಲ್ಲಿ ಬಂದವರು ಪಟ್ಟಿಯಲ್ಲಿ ಇರ್ತಾರೆ.

ಇಲ್ಲಿ ಎರಡು ಪಟ್ಟಿಗಳಿವೆ. ಒಂದು ಇಡೀ ವೃತ್ತಿ ಜೀವನದ್ದು, ಇನ್ನೊಂದು ಬರೀ ಒಂದು ವರ್ಷದ್ದು. ಎರಡಕ್ಕೂ ಅಜಗಜಾಂತರ. ಫ್ಲೆಕ್ಸ್ ಹಾಕುವವರು ಯಾವುದು ಅಂತ ಹೇಳೋದು ಅಪರೂಪ.

ಅಂಕದ ಮೂಲ ಸಾಮಗ್ರಿ ‘ಸಿಟೇಶನ್’, ಅಂದರೆ ಉಲ್ಲೇಖ. ಒಬ್ಬರು ಬರೆದ ಸಂಶೋಧನಾ ಲೇಖನವನ್ನ ಇನ್ನೊಬ್ಬರು ತಮ್ಮ ಲೇಖನದ ಕೊನೆಯಲ್ಲಿ ಹೆಸರಿಸಿದರೆ ಒಂದು ಸಿಟೇಶನ್. ಒಟ್ಟು ಎಷ್ಟು, ಒಬ್ಬರೇ ಬರೆದದ್ದಕ್ಕೆ ಎಷ್ಟು, ಮೊದಲ ಹೆಸರಿದ್ದಾಗ ಎಷ್ಟು, ಕೊನೇ ಹೆಸರಿದ್ದಾಗ ಎಷ್ಟು ಅಂತ ಆರು ಬಗೆಯಲ್ಲಿ ಎಣಿಸಿ ಒಂದು ಅಂಕ ಮಾಡ್ತಾರೆ. (ಕೊನೇ ಹೆಸರು ಸಾಮಾನ್ಯವಾಗಿ ವಿಭಾಗದ ಹಿರಿಯರದ್ದು. ಕೆಲಸ ಎಷ್ಟು ಮಾಡಿದರು ಅನ್ನೋದು ಬೇರೆ ಮಾತು.)

ಅಂಗಡಿ ಲೆಕ್ಕದಲ್ಲಿ ಎಚ್-ಇಂಡೆಕ್ಸ್

ಈ ಆರರಲ್ಲಿ ಹೆಚ್ಚು ಹೆಸರುವಾಸಿ ‘ಎಚ್-ಇಂಡೆಕ್ಸ್’. 2005ರಲ್ಲಿ ಕ್ಯಾಲಿಫೋರ್ನಿಯಾದ ಭೌತವಿಜ್ಞಾನಿ ಜಾರ್ಜ್ ಹಿರ್ಷ್ ಕಂಡುಹಿಡಿದದ್ದು. ಕಿರಾಣಿ ಅಂಗಡಿ ಲೆಕ್ಕದಲ್ಲಿ ಸುಲಭವಾಗಿ ಅರ್ಥ ಆಗುತ್ತೆ. ಅಂಗಡಿಯಲ್ಲಿ ಕನಿಷ್ಠ 5 ಬಗೆಯ ಸಾಮಾನು ತಲಾ ಕನಿಷ್ಠ 5 ಸಲ ಮಾರಾಟ ಆಗಿದ್ದರೆ ಎಚ್ 5. ಹತ್ತು ಸಾಮಾನು ತಲಾ ಹತ್ತು ಸಲ ಹೋಗಿದ್ದರೆ ಎಚ್ 10. ಒಂದೇ ಒಂದು ಸಾಮಾನು ಸಾವಿರ ಸಲ ಮಾರಾಟ ಆಗಿ, ಬಾಕಿದ್ದೆಲ್ಲ ರ‍್ಯಾಕ್‌ನಲ್ಲಿ ಧೂಳು ಹಿಡಿದಿದ್ದರೆ? ಎಚ್ ಬರೀ 1.

ಅಂದರೆ ಈ ಲೆಕ್ಕದಲ್ಲಿ ಗೆಲ್ಲೋದು ಹಲವು ಲೇಖನ ಬರೆದು, ಹಲವು ಸಲ ಹೆಸರು ಹೇಳಿಸಿಕೊಂಡವರು. ಎರಡೇ ಲೇಖನ ಬರೆದವರು ಜಗತ್ತನ್ನೇ ಬದಲಾಯಿಸಿದರೂ ಎಚ್ 2ರ ಮೇಲೆ ಏರೋದಿಲ್ಲ. ಇದು ಉತ್ಪ್ರೇಕ್ಷೆ ಅನ್ನಿಸಬಹುದು. ಆದರೆ ಸಿಟಿ ಸ್ಕ್ಯಾನ್ ಹುಟ್ಟಿದ ಕಥೆ ಹೆಚ್ಚುಕಮ್ಮಿ ಹೀಗೇ ಇದೆ.

ಹಿಮಕುಸಿತದವರು ಮಾತ್ರ ಕೇಳಿದ ಲೇಖನ

ದಕ್ಷಿಣ ಆಫ್ರಿಕಾದ ಅಲನ್ ಕಾರ್ಮ್ಯಾಕ್ ಡಾಕ್ಟರಲ್ಲ, ಫಿಸಿಕ್ಸ್ ಮೇಷ್ಟ್ರು. ಕೇಪ್‌ಟೌನ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡ್ತಿದ್ದರು. ಅಲ್ಲಿನ ಗ್ರೂಟ್ ಸ್ಕುರ್ ಆಸ್ಪತ್ರೆಯಲ್ಲಿ ವಿಕಿರಣ ವಿಭಾಗ ನೋಡಿಕೊಳ್ಳುತ್ತಿದ್ದ ಭೌತವಿಜ್ಞಾನಿ ಕೆಲಸ ಬಿಟ್ಟರು. ಕಾನೂನು ಪ್ರಕಾರ ಅರ್ಹರೊಬ್ಬರು ಮೇಲ್ವಿಚಾರಣೆಗೆ ಇರಲೇಬೇಕು. ಊರಲ್ಲಿ ಸಿಕ್ಕವರು ಇವರೇ. ಹಾಗಾಗಿ 1956ರಲ್ಲಿ ಕೆಲ ತಿಂಗಳು ವಾರಕ್ಕೆ ಒಂದೂವರೆ ದಿನ ಆಸ್ಪತ್ರೆ ಡ್ಯೂಟಿ ಬಿತ್ತು.

ಅಲ್ಲಿ ಅವರ ಕಣ್ಣಿಗೆ ಬಿದ್ದದ್ದು ಒಂದು ತಪ್ಪು ಲೆಕ್ಕ. ಕ್ಯಾನ್ಸರ್ ರೋಗಿಗೆ ವಿಕಿರಣ ಕೊಡುವಾಗ ದೇಹವೆಲ್ಲ ಒಂದೇ ಗಟ್ಟಿತನದ್ದು ಅಂತ ಅಂದುಕೊಂಡು ಪ್ರಮಾಣ ಹಾಕ್ತಿದ್ದರು. ಮೂಳೆ, ಮಾಂಸ, ಶ್ವಾಸಕೋಶ ಒಂದೇ ಆಗೋದು ಹೇಗೆ? ಒಳಗಿನ ಪ್ರತಿ ಜಾಗದ ಗಟ್ಟಿತನವನ್ನ ಹೊರಗಿಂದಲೇ ಲೆಕ್ಕ ಹಾಕುವ ಗಣಿತ ಬೇಕು ಅಂತ ಅವರಿಗೆ ಹೊಳೆಯಿತು. ಸುತ್ತ ಮರ, ಮಧ್ಯ ಅಲ್ಯೂಮಿನಿಯಂ ಇರುವ ಉರುಳೆ ಇಟ್ಟುಕೊಂಡು ಪ್ರಯೋಗ ಮಾಡಿದರು. ಆಮೇಲೆ ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯಕ್ಕೆ ಹೋಗಿ ಕೆಲಸ ಮುಂದುವರಿಸಿ 1963 ಮತ್ತು 1964ರಲ್ಲಿ ಎರಡು ಲೇಖನ ಪ್ರಕಟಿಸಿದರು.

ಪ್ರತಿಕ್ರಿಯೆ? ಇಲ್ಲ ಅಂದರೂ ತಪ್ಪಿಲ್ಲ. ಲೇಖನದ ಪ್ರತಿ ಕೇಳಿ ಬಂದ ಪತ್ರಗಳಲ್ಲಿ ಸ್ವಾರಸ್ಯದ್ದು ಸ್ವಿಟ್ಜರ್ಲೆಂಡಿನ ಹಿಮಕುಸಿತ ಸಂಶೋಧನಾ ಕೇಂದ್ರದ್ದು ಅಂತ ಕಾರ್ಮ್ಯಾಕ್ ಅವರೇ ಮುಂದೆ ನೊಬೆಲ್ ಭಾಷಣದಲ್ಲಿ ನೆನಪಿಸಿಕೊಂಡರು. ಬೆಟ್ಟದ ಮೇಲಿನ ಹಿಮದ ಪದರ ಅಳೆಯೋಕೆ ಈ ಗಣಿತ ಬಳಸಬಹುದಾ ಅನ್ನೋದು ಅವರ ಕುತೂಹಲ. ರೋಗಿಯ ದೇಹಕ್ಕಾಗಿ ಬರೆದದ್ದನ್ನ ವೈದ್ಯರು ಕೇಳಲಿಲ್ಲ, ಹಿಮ ಅಳೆಯುವವರು ಕೇಳಿದರು!

ಇನ್ನೊಂದು ವಿಷಯ. ಪತ್ರಿಕೆಗಳ ದರ್ಜೆ ಅಳೆಯುವ ‘ಇಂಪ್ಯಾಕ್ಟ್ ಫ್ಯಾಕ್ಟರ್’ ಲೆಕ್ಕ ಹಿಡಿಯೋದು ಹಿಂದಿನ ಎರಡು ವರ್ಷದ ಲೇಖನಗಳನ್ನ ಮಾತ್ರ. ಆ ಅವಧಿಯಲ್ಲಿ ಕಾರ್ಮ್ಯಾಕ್ ಲೇಖನಗಳಿಂದ ಪತ್ರಿಕೆಗೆ ಸಿಕ್ಕಿದ್ದು ಸೊನ್ನೆಗೆ ಹತ್ತಿರ. ಇವತ್ತಿನ ಯಾವುದಾದರೂ ಕಾಲೇಜಲ್ಲಿ ಅವರು ಇದ್ದು, ವರ್ಷದ ಕೊನೆಗೆ ಸಾಧನೆ ಫಾರಂ ತುಂಬಿದ್ದರೆ ಆ ಕಾಲಂ ಖಾಲಿ ಇರ್ತಿತ್ತು.

1979ರಲ್ಲಿ ಅದೇ ಕೆಲಸಕ್ಕೆ ವೈದ್ಯಕೀಯ ನೊಬೆಲ್ ಬಂತು. ಹಂಚಿಕೊಂಡವರು ಇಂಗ್ಲೆಂಡಿನ ಗಾಡ್‌ಫ್ರಿ ಹೌನ್ಸ್‌ಫೀಲ್ಡ್. ಇಬ್ಬರಲ್ಲಿ ಯಾರೂ ಪಿಎಚ್‌.ಡಿ ಮುಗಿಸಿದವರಲ್ಲ.

ರಿಪೋರ್ಟಿನಲ್ಲಿರುವ ಎರಡು ಅಕ್ಷರ

ಹೌನ್ಸ್‌ಫೀಲ್ಡ್ ಕಥೆ ಇನ್ನೂ ವಿಚಿತ್ರ. ಯೂನಿವರ್ಸಿಟಿ ಡಿಗ್ರಿಯೇ ಇರಲಿಲ್ಲ, ಎಲೆಕ್ಟ್ರಿಕಲ್ ಡಿಪ್ಲೊಮಾ. ಯುದ್ಧದ ಕಾಲದಲ್ಲಿ ವಾಯುಪಡೆಯ ರೇಡಾರ್ ಮೆಕ್ಯಾನಿಕ್. ಆಮೇಲೆ ಇಎಂಐ ಕಂಪನಿಯ ಎಂಜಿನಿಯರ್. ಹೌದು, ಗ್ರಾಮಫೋನ್ ರೆಕಾರ್ಡ್ ಮಾರ್ತಿದ್ದ ಇಎಂಐ. ಕಾರ್ಮ್ಯಾಕ್ ಲೇಖನಗಳ ಸುದ್ದಿ ಗೊತ್ತಿಲ್ಲದೇ ತಮ್ಮದೇ ದಾರಿಯಲ್ಲಿ ಯಂತ್ರ ಕಟ್ಟಿದರು. ಹಳೇ ಲೇತ್ ಮಷೀನಿನ ತಳಪಾಯದ ಮೇಲೆ ಮಾಡಿದ ಮೊದಲ ಪ್ರಯೋಗದಲ್ಲಿ ಒಂದು ಚಿತ್ರಕ್ಕೆ ಬೇಕಾದ ಅಳತೆ ಮುಗಿಯೋಕೆ 9 ದಿನ ಹಿಡಿಯಿತು. 1971ರ ಅಕ್ಟೋಬರ್ 1ರಂದು ಲಂಡನ್ನಿನ ಅಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ ಮೊದಲ ರೋಗಿಯ ಮಿದುಳಿನ ಸ್ಕ್ಯಾನ್ ಆಯಿತು. ಗಡ್ಡೆ ಕಂಡಿತು.

ಮೊದಲು ಪೇಟೆಂಟ್ ಅರ್ಜಿ, ಆಮೇಲೆ ಯಂತ್ರ, ಲೇಖನ ಬಂದದ್ದು 1973ರಲ್ಲಿ. ಅವರು ಬರೆದ ಲೇಖನಗಳೇ ಕಮ್ಮಿ.

ಈಗ ಮನೆಯಲ್ಲಿ ಯಾರದ್ದಾದರೂ ಹಳೇ ಸಿಟಿ ರಿಪೋರ್ಟ್ ಇದ್ದರೆ ತೆಗೆದು ನೋಡಿ. ಕಿಡ್ನಿ ಕಲ್ಲಿನ ರಿಪೋರ್ಟ್ ಆದರೆ ಕಲ್ಲಿನ ಅಳತೆ ಪಕ್ಕದಲ್ಲಿ ಒಂದು ಸಂಖ್ಯೆ ಬರೆದು ‘ಎಚ್‌ಯು’ ಅಂತ ಹಾಕಿರ್ತಾರೆ. ಅದು ಹೌನ್ಸ್‌ಫೀಲ್ಡ್ ಯೂನಿಟ್. ನೀರಿಗೆ 0, ಗಾಳಿಗೆ ಮೈನಸ್ 1000, ಗಟ್ಟಿ ಮೂಳೆ ಪ್ಲಸ್ 1000ದ ಆಸುಪಾಸು. ಕಲ್ಲಿನ ಎಚ್‌ಯು 1000 ದಾಟಿದರೆ ಹೊರಗಿಂದ ಶಾಕ್ ಕೊಟ್ಟು ಪುಡಿ ಮಾಡೋದು ಕಷ್ಟ ಅಂತ ಯೂರಾಲಜಿ ಡಾಕ್ಟರ್ ಬೇರೆ ದಾರಿ ಯೋಚಿಸ್ತಾರೆ. ಮಿದುಳಲ್ಲಿ ರಕ್ತ ಸೋರಿದೆಯೋ ಇಲ್ಲವೋ ಅನ್ನೋದಕ್ಕೂ ಇದೇ ಮಾಪನ.

ಜಗತ್ತಿನಾದ್ಯಂತ ಪ್ರತಿ ನಿಮಿಷ ಯಾರೋ ಒಬ್ಬ ರೇಡಿಯಾಲಜಿಸ್ಟ್ ಈ ಎರಡಕ್ಷರ ಟೈಪ್ ಮಾಡ್ತಾ ಇರ್ತಾರೆ. ಅದರಲ್ಲಿ ಒಂದೂ ಸಿಟೇಶನ್ ಲೆಕ್ಕಕ್ಕೆ ಬರೋದಿಲ್ಲ. ರೋಗಿಯ ರಿಪೋರ್ಟ್ ಸಂಶೋಧನಾ ಲೇಖನ ಅಲ್ಲವಲ್ಲ! ಲೇಖನ ಬರೆಯುವವರು ಕೂಡ ‘ಎಚ್‌ಯು’ ಅಂತ ಬರೆದಾಗ 1973ರ ಮೂಲವನ್ನ ಹೆಸರಿಸೋದಿಲ್ಲ. ಕಿಲೋ ಅಂತ ತೂಗುವವರು ಕಿಲೋ ಕಂಡುಹಿಡಿದವರ ಹೆಸರು ಬಿಲ್ಲಲ್ಲಿ ಬರೆಯುತ್ತಾರಾ? ಕೆಲಸ ಎಲ್ಲರ ಕೈಗೂ ಸೇರಿಹೋದ ಮೇಲೆ ಎಣಿಕೆ ಅಲ್ಲಿಗೆ ನಿಲ್ಲುತ್ತೆ.

ಬೆಂಗಳೂರಿನ ಪಾಲು

ಈ ಕಥೆಯಲ್ಲಿ ಕರ್ನಾಟಕದ್ದೂ ಒಂದು ಪಾಲಿದೆ, ಹೆಚ್ಚು ಜನಕ್ಕೆ ಗೊತ್ತಿಲ್ಲ. ಜಿ.ಎನ್. ರಾಮಚಂದ್ರನ್ ಹುಟ್ಟಿದ್ದು ಕೇರಳದ ಎರ್ನಾಕುಲಂ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರ ಶಿಷ್ಯ. ಮದ್ರಾಸಿನಲ್ಲಿ ಹೆಸರು ಮಾಡಿ, 1971ರ ಹೊತ್ತಿಗೆ ಮತ್ತೆ ಬೆಂಗಳೂರಿಗೆ ಬಂದು ಅಣು ಜೈವಿಕ ಭೌತವಿಜ್ಞಾನ ಘಟಕ ಕಟ್ಟಿದರು. ಪ್ರೋಟೀನ್ ರಚನೆಯ ‘ರಾಮಚಂದ್ರನ್ ಪ್ಲಾಟ್’ ಬಗ್ಗೆ ಬಯೋಕೆಮಿಸ್ಟ್ರಿ ಓದುವ ಮಕ್ಕಳಿಗೆಲ್ಲ ಗೊತ್ತು.

ಲಂಡನ್ನಿನಲ್ಲಿ ಮೊದಲ ಸ್ಕ್ಯಾನ್ ಆದ ಅದೇ 1971ರಲ್ಲಿ ರಾಮಚಂದ್ರನ್ ಮತ್ತು ಎ.ವಿ. ಲಕ್ಷ್ಮೀನಾರಾಯಣನ್ ಐದು ಪುಟದ ಒಂದು ಲೇಖನ ಪ್ರಕಟಿಸಿದರು. ಬೇರೆ ಬೇರೆ ಕೋನದಿಂದ ತೆಗೆದ ಎಕ್ಸ್‌ರೇಗಳನ್ನ ಸೇರಿಸಿ ಒಳಗಿನ ಚಿತ್ರ ಕಟ್ಟೋದು ಹೇಗೆ ಅನ್ನೋ ಲೆಕ್ಕ. ಆ ಕಾಲಕ್ಕೆ ಇದಕ್ಕೆ ಬಳಸ್ತಿದ್ದ ‘ಫೂರಿಯೆ’ ಲೆಕ್ಕಾಚಾರ ಕಂಪ್ಯೂಟರಿಗೆ ಭಾರ. ಅದನ್ನ ಬಿಟ್ಟು, ಪ್ರತಿ ಅಳತೆಯನ್ನ ಮೊದಲು ಒಂದು ಸೋಸುಗದಲ್ಲಿ ಹಾಯಿಸಿ ಆಮೇಲೆ ಜೋಡಿಸಿದರೆ ಕೆಲಸ ಬೇಗ ಮುಗಿಯುತ್ತೆ, ಚಿತ್ರವೂ ಚೊಕ್ಕ ಬರುತ್ತೆ ಅಂತ ತೋರಿಸಿದರು. (ರೇಡಿಯೋ ಖಗೋಳ ಕ್ಷೇತ್ರದಲ್ಲಿ ಬ್ರೇಸ್‌ವೆಲ್ ಮತ್ತು ರಿಡಲ್ ಇಂಥದ್ದೇ ವಿಧಾನವನ್ನ 1967ರಲ್ಲೇ ಹೇಳಿದ್ದರು ಅನ್ನೋದನ್ನೂ ಸೇರಿಸಬೇಕು.) ಆ ಸೋಸುಗಕ್ಕೆ ಇಬ್ಬರ ಹೆಸರು ಸೇರಿಸಿ ‘ರಾಮ್-ಲಾಕ್ ಫಿಲ್ಟರ್’ ಅಂತಾನೇ ಹೆಸರು. ಮುಂದೆ ದಶಕಗಳ ಕಾಲ ಸಿಟಿ ಯಂತ್ರಗಳು ಚಿತ್ರ ಕಟ್ಟಿದ್ದು ಇದೇ ಜಾತಿಯ ವಿಧಾನದಲ್ಲಿ.

ಯಂತ್ರ ಮಾರುವ ಕಂಪನಿಗಳ ಸಾಫ್ಟ್‌ವೇರಿನ ಒಳಗೆ ಈ ಗಣಿತ ಓಡುವಾಗಲೂ ಸಿಟೇಶನ್ ಬೀಳೋದಿಲ್ಲ. ಜಿಲ್ಲಾ ಆಸ್ಪತ್ರೆಯ ಕತ್ತಲೆ ಕೋಣೆಯಲ್ಲಿ ಮಲಗಿದ ರೋಗಿಗೆ ಬೆಂಗಳೂರಿನ ಲೆಕ್ಕವೊಂದು ತನ್ನ ಸುತ್ತ ತಿರುಗಿದ್ದು ಗೊತ್ತೂ ಆಗೋದಿಲ್ಲ.

ಅಂಕ ಹಾರಿದಾಗ ಏನಾಯಿತು?

ಹಾಗಂತ ಸಿಟೇಶನ್ ಜಾಸ್ತಿ ಇದ್ದರೆ ಮೋಸ ಅಂತಲ್ಲ. ಒಳ್ಳೆ ಕೆಲಸಕ್ಕೆ ಬಹಳ ಸಲ ಉಲ್ಲೇಖ ಬಂದೇ ಬರುತ್ತೆ. ಆದರೆ ಅಂಕ ಹಾರಿದ ಜಾಗದಲ್ಲೂ ಎಚ್ಚರ ಬೇಕು ಅನ್ನೋದಕ್ಕೆ ತಾಲ್ಲೂಕಿನ ಪ್ರತಿ ಮನೆಗೂ ನೆನಪಿರುವ ಉದಾಹರಣೆ ಇದೆ. 2021ರ ಎರಡನೇ ಅಲೆಯ ‘ಸಿಟಿ ಸ್ಕೋರ್’.

ಆಗ ಜ್ವರ ಬಂದವರ ಮನೆಗೆ ಫೋನ್ ಮಾಡಿದರೆ ಮೊದಲ ಪ್ರಶ್ನೆ, ‘ಸ್ಕೋರ್ ಎಷ್ಟು?’ 25ಕ್ಕೆ 8 ಅಂದರೆ ಉಸಿರು ಬಿಡ್ತಿದ್ದರು, 18 ಅಂದರೆ ಬೆಡ್ ಹುಡುಕೋಕೆ ಕಾರು ಹತ್ತುತ್ತಿದ್ದರು. ಶ್ವಾಸಕೋಶದ ಐದು ಭಾಗಗಳಿಗೆ ತಲಾ 0ಯಿಂದ 5 ಅಂಕ, ಒಟ್ಟು 25. ಇಂಥ ಲೆಕ್ಕ ಸಾರ್ಸ್ ಕಾಲದಲ್ಲೇ ಇತ್ತು. ಕೋವಿಡ್‌ಗೆ ಇದನ್ನ ಬಳಸಿದ ಮೊದಮೊದಲ ಲೇಖನಗಳಲ್ಲಿ ಒಂದು 2020ರ ಆರಂಭದಲ್ಲಿ ‘ರೇಡಿಯಾಲಜಿ’ ಪತ್ರಿಕೆಯಲ್ಲಿ ಬಂದ ವುಹಾನ್ ವೈದ್ಯರದ್ದು. ಅದರಲ್ಲಿದ್ದ ರೋಗಿಗಳು ಎಷ್ಟು ಗೊತ್ತಾ? 21 ಜನ. ಅವರೂ ತೀವ್ರ ಉಸಿರಾಟದ ತೊಂದರೆ ಇಲ್ಲದೆ ಚೇತರಿಸಿಕೊಂಡವರು. ದಿನ ಕಳೆದಂತೆ ಶ್ವಾಸಕೋಶದ ಚಿತ್ರ ಹೇಗೆ ಬದಲಾಗುತ್ತೆ ಅಂತ ನೋಡೋದು ಆ ಲೇಖನದ ಉದ್ದೇಶ. ಯಾರಿಗೆ ಬೆಡ್ ಕೊಡಬೇಕು ಅಂತ ತೀರ್ಮಾನಿಸೋದಲ್ಲ.

ಜಗತ್ತೆಲ್ಲ ಅದೊಂದೇ ವಿಷಯ ಬರೀತಿದ್ದಾಗ ಮೊದಲು ಬಂದ ಲೇಖನಗಳಿಗೆ ಉಲ್ಲೇಖದ ಸುರಿಮಳೆ ಆಗೋದು ಸಹಜ. ವುಹಾನ್ ವೈದ್ಯರದ್ದು ತಪ್ಪಲ್ಲ, ಅವರು ಕಂಡದ್ದನ್ನ ಕಂಡ ಹಾಗೆ ಬರೆದರು. ಆದರೆ ಆ ಅಂಕ ಇಲ್ಲಿಗೆ ಬರುವಷ್ಟರಲ್ಲಿ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಥರ ಆಗಿಹೋಗಿತ್ತು. ಆಕ್ಸಿಜನ್ ಮಟ್ಟ ಸರಿ ಇದ್ದವರೂ ಸ್ಕ್ಯಾನ್ ಸೆಂಟರ್ ಮುಂದೆ ಕ್ಯೂ ನಿಂತರು. ದರಕ್ಕೆ ರಾಜ್ಯ ಸರ್ಕಾರವೇ ಮಿತಿ ಹಾಕಬೇಕಾಯಿತು. 2021ರ ಮೇ ತಿಂಗಳ ಮೊದಲ ವಾರ ದೆಹಲಿ ಏಮ್ಸ್‌ನ ಆಗಿನ ನಿರ್ದೇಶಕ ರಣದೀಪ್ ಗುಲೇರಿಯಾ, ಲಘು ಲಕ್ಷಣ ಇದ್ದವರು ಸಿಟಿ ಮಾಡಿಸಬೇಡಿ, ಒಂದು ಸಿಟಿ 300-400 ಎದೆ ಎಕ್ಸ್‌ರೇಗೆ ಸಮ ಅಂದರು. ಆ ಸಂಖ್ಯೆ ಹಳೇ ಕಾಲದ್ದು, ಈಗಿನ ಯಂತ್ರಗಳಲ್ಲಿ ವಿಕಿರಣ ಬಹಳ ಕಮ್ಮಿ ಅಂತ ರೇಡಿಯಾಲಜಿಸ್ಟ್‌ಗಳ ಸಂಘ ತಿರುಗೇಟು ಕೊಟ್ಟಿತು. ಸಂಖ್ಯೆಯ ಜಗಳ ಏನೇ ಇರಲಿ, ಬೇಡದವರು ಮಾಡಿಸಬೇಡಿ ಅನ್ನೋ ಮಾತಂತೂ ಸರಿಯಾಗಿತ್ತು.

ಹಂದಿಗೋಡಿನ ಎಕ್ಸ್‌ರೇಗಳು

ಇದಕ್ಕೆ ಪೂರ್ತಿ ಎದುರು ದಿಕ್ಕಿನ ಉದಾಹರಣೆ ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನಲ್ಲಿದೆ. ಹಂದಿಗೋಡು ಕಾಯಿಲೆ. 1970ರ ದಶಕದ ಮಧ್ಯದಲ್ಲಿ ಹಂದಿಗೋಡು ಗ್ರಾಮದಲ್ಲಿ ಮೊದಲು ಗಮನಕ್ಕೆ ಬಂದದ್ದು. ಸೊಂಟ, ಮಂಡಿಯ ಕೀಲು ಹಾಳಾಗಿ ಜನ ನಡೆಯೋಕಾಗದೆ ತೆವಳುವ ಸ್ಥಿತಿ, ಕೆಲವರಲ್ಲಿ ಕುಳ್ಳತನ. ಬಂದದ್ದು ಹೆಚ್ಚಾಗಿ ಎರಡು ದಲಿತ ಸಮುದಾಯಗಳ ಕೃಷಿ ಕೂಲಿ ಕುಟುಂಬಗಳಿಗೆ. ಗದ್ದೆಗೆ ಹೊಡೆದ ಕೀಟನಾಶಕ, ಅಲ್ಲಿ ಹಿಡಿದು ತಿಂದ ಏಡಿ ಕಾರಣ ಇರಬಹುದು ಅಂತ ಮೊದಲು ಅನುಮಾನಪಟ್ಟರು.

ಆಮೇಲೆ ಕುಟುಂಬಗಳ ವಂಶಾವಳಿ ಹಾಕಿ, ಸೊಂಟ, ಬೆನ್ನುಮೂಳೆ, ಮಂಡಿಯ ಎಕ್ಸ್‌ರೇ ತೆಗೆದು ಸಾಲಾಗಿ ನೋಡಿದಾಗ ಬೇರೆಯದೇ ಚಿತ್ರ ಬಂತು. ಮೂಳೆ ಬೆಳೆಯುವ ತುದಿಗಳಲ್ಲೇ ದೋಷ, ತಲೆಮಾರಿನಿಂದ ತಲೆಮಾರಿಗೆ ಬರುವಂಥದ್ದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಕಡೆಯಿಂದ ಅಧ್ಯಯನ ಆಗಿ, ಕಾಯಿಲೆಯನ್ನ ಮೂರು ಬಗೆಯಾಗಿ ವಿಂಗಡಿಸಿದರು. ಎಕ್ಸ್‌ರೇ ಇಲ್ಲದಿದ್ದರೆ ಆ ವಿಂಗಡಣೆ ಸಾಧ್ಯವೇ ಇರಲಿಲ್ಲ.

ಈ ಕೆಲಸಕ್ಕೆ ಸಿಟೇಶನ್ ಎಲ್ಲಿಂದ ಬರಬೇಕು? ಕಾಯಿಲೆ ಇರೋದು ಶಿವಮೊಗ್ಗ, ಚಿಕ್ಕಮಗಳೂರು ಕಡೆಯ ಮಲೆನಾಡಿನ ಕೆಲವು ಹಳ್ಳಿಗಳಲ್ಲಿ. ಬಾಸ್ಟನ್ನಿನವರಿಗೆ, ಬೀಜಿಂಗಿನವರಿಗೆ ಅದನ್ನ ಹೆಸರಿಸುವ ಪ್ರಸಂಗವೇ ಬರೋದಿಲ್ಲ. ಸಿಟೇಶನ್ ಎಣಿಸುವವರ ಕಣ್ಣಲ್ಲಿ ಇದು ಸಣ್ಣ ಕೆಲಸ. ‘ಇದು ಊಟದಿಂದ ಬಂತಾ, ಔಷಧಿ ಹೊಡೆದದ್ದರಿಂದ ಬಂತಾ, ಮಕ್ಕಳಿಗೂ ಬರುತ್ತಾ?’ ಅಂತ ಕೇಳ್ತಿದ್ದ ಮನೆಗಳಿಗೆ ಅದಕ್ಕಿಂತ ದೊಡ್ಡ ಸಂಶೋಧನೆ ಇನ್ನೊಂದಿಲ್ಲ.

ಇಲ್ಲೇ ನಿಜವಾದ ನಷ್ಟ ಇರೋದು. ವೈದ್ಯಕೀಯ ಕಾಲೇಜುಗಳಲ್ಲಿ ಬಡ್ತಿಗೆ ಸಂಶೋಧನಾ ಲೇಖನ ಬೇಕೇ ಬೇಕು. ಅಂಕ ಬೇಗ ಬರಬೇಕಾದರೆ ಜಗತ್ತೆಲ್ಲ ಬರೀತಿರುವ ವಿಷಯವನ್ನೇ ಹಿಡಿಯೋದು ಲಾಭ. ತಾಲ್ಲೂಕಿನ ಫ್ಲೋರೈಡ್ ನೀರು ಕುಡಿದು ಬೆನ್ನು ಬಗ್ಗಿದವರ ಮೂಳೆ ಎಕ್ಸ್‌ರೇಗಳನ್ನ ವರ್ಷಗಟ್ಟಲೆ ಕೂಡಿಟ್ಟು ಬರೆಯುವ ಯುವ ರೇಡಿಯಾಲಜಿಸ್ಟ್‌ಗೆ ಆ ಲಾಭ ಇಲ್ಲ. ದಿನವಿಡೀ ಸ್ಕ್ಯಾನ್ ನೋಡಿ ಕಣ್ಣು ಕೆಂಪಾದವರು ಸಂಜೆ ಕೂತು ಎರಡರಲ್ಲಿ ಯಾವುದನ್ನ ಬರೆಯುತ್ತಾರೆ ಅಂತ ಬೇರೆ ಹೇಳಬೇಕಾಗಿಲ್ಲ.

ಅಡ್ಡದಾರಿಯೂ ಇದೆ. ತಮ್ಮ ಲೇಖನವನ್ನ ತಾವೇ ಉಲ್ಲೇಖಿಸಿಕೊಳ್ಳೋದು, ಬಳಗದವರು ಪರಸ್ಪರ ಉಲ್ಲೇಖಿಸಿಕೊಳ್ಳೋದು. ಹೋಟೆಲ್ ಮಾಲೀಕರೇ ಗೂಗಲ್‌ನಲ್ಲಿ ತಮ್ಮ ಹೋಟೆಲ್‌ಗೆ ಐದು ಸ್ಟಾರ್ ಕೊಟ್ಟುಕೊಂಡ ಹಾಗೆ. 2019ರಲ್ಲಿ ಅಯೊನಿಡಿಸ್ ಪಟ್ಟಿ ಬಂದಾಗ ‘ನೇಚರ್’ ಪತ್ರಿಕೆ ಬರೆದ ಪ್ರಕಾರ, ಕನಿಷ್ಠ 250 ವಿಜ್ಞಾನಿಗಳಿಗೆ ಬಂದ ಉಲ್ಲೇಖದಲ್ಲಿ ಅರ್ಧಕ್ಕಿಂತ ಹೆಚ್ಚು ಅವರದ್ದೇ ಅಥವಾ ಅವರ ಸಹಲೇಖಕರದ್ದೇ ಆಗಿತ್ತು. ಕೋಷ್ಟಕದಲ್ಲಿ ಸ್ವಂತ ಉಲ್ಲೇಖ ತೆಗೆದ ರ‍್ಯಾಂಕ್ ಕೂಡ ಪಕ್ಕದಲ್ಲೇ ಇರುತ್ತೆ. ಇತ್ತೀಚಿನ ಆವೃತ್ತಿಗಳಲ್ಲಿ ಹಿಂಪಡೆದ ಲೇಖನಗಳ ಲೆಕ್ಕವನ್ನೂ ಸೇರಿಸಿದ್ದಾರೆ. ಎಕ್ಸೆಲ್ ಫೈಲು, ಯಾರು ಬೇಕಾದರೂ ಉಚಿತವಾಗಿ ಇಳಿಸಿಕೊಂಡು ಹೆಸರು ಹುಡುಕಬಹುದು. ಪತ್ರಿಕಾ ಪ್ರಕಟಣೆ ಕಳಿಸುವ ಕಾಲೇಜುಗಳು ಆ ಸಾಲನ್ನೂ ಜೊತೆಗೆ ಕಳಿಸಿದರೆ ಸುದ್ದಿ ಬರೆಯುವವರ ಕೆಲಸ ಹಗುರ ಆಗುತ್ತೆ.

ಇನ್ನು ಸ್ಕ್ಯಾನ್ ಮಾಡಿಸುವವರ ವಿಷಯ. ಎಷ್ಟೋ ಕಡೆ ಸ್ಕ್ಯಾನ್ ಆಗೋದು ಇಲ್ಲಿ, ಚಿತ್ರ ನೋಡಿ ವರದಿ ಬರೆಯೋದು ಇನ್ನೆಲ್ಲೋ ಕೂತ ರೇಡಿಯಾಲಜಿಸ್ಟ್, ಇಂಟರ್ನೆಟ್ ಮೂಲಕ. ಫ್ಲೆಕ್ಸ್‌ನಲ್ಲಿರುವ ಹೆಸರಿಗೂ ರಿಪೋರ್ಟ್ ಕೆಳಗಿನ ಸಹಿಗೂ ಸಂಬಂಧ ಇರಲೇಬೇಕು ಅಂತಿಲ್ಲ. ರಿಪೋರ್ಟಿನ ಕೊನೇ ಸಾಲಲ್ಲಿ ವರದಿ ಕೊಟ್ಟವರ ಹೆಸರು, ಅವರ ವಿದ್ಯಾರ್ಹತೆ, ಮೆಡಿಕಲ್ ಕೌನ್ಸಿಲ್ ನೋಂದಣಿ ಸಂಖ್ಯೆ ಇದೆಯಾ ಅಂತ ನೋಡಬಹುದು. ಹಳೇ ಫಿಲ್ಮ್, ಹಳೇ ರಿಪೋರ್ಟ್ ಇದ್ದರೆ ಸ್ಕ್ಯಾನ್ ದಿನ ಜೊತೆಗೆ ಒಯ್ಯಬೇಕು. ಹೋಲಿಸಿ ನೋಡೋಕೆ ರೇಡಿಯಾಲಜಿಸ್ಟ್‌ಗೆ ಬೇಕಾಗುವುದು ಅದೇ. ಅನುಮಾನ ಇದ್ದರೆ ಚಿತ್ರಗಳ ಸಿ.ಡಿ. ಕೇಳಿ ಪಡೆದು ಇನ್ನೊಬ್ಬರಿಗೆ ತೋರಿಸಬಹುದು.